ಅರೆಕಲ್ಲಿನ ಯಜಮಾನರು

ಯಜಮಾನರು ತೀರಿಕೊಂಡ ಸುದ್ದಿಯನ್ನು ಅವರ ಅಕ್ಕ ಫೋನಿನಲ್ಲಿ ಹೇಳಿದ್ದು ಹೀಗೆ: "ಹೋದ ಕಣಪ್ಪಾ. ಬೆಳಿಗ್ಗೆ ಕಾಫಿ ಕುಡ್ದ, ಪೇಪರ್ ಓದ್ದ, ಪೇಪರಲ್ಲಿ ಎರಡು ತಪ್ಪು ಕಂಡುಹಿಡ್ದ, ಹೋದ. ಯಾರಿಗೂ ತೊಂದ್ರೆ ಕೊಡ್ಲಿಲ್ಲ. ಆ ಎರಡು ತಪ್ಪು ಯಾವುದು ಅಂತ ಮಾತ್ರ ಹೇಳ್ಲಿಲ್ಲ." ಅತ್ತು ಮುಗಿಸಿದ ಮೇಲೆ ಬರುವ ಒಣ ದನಿ ಅದು. ನಾನು ಏನೋ ಸಮಾಧಾನ ಹೇಳಿದೆ. ಏನು ಹೇಳಿದೆನೆಂದು ಈಗ ನೆನಪಿಲ್ಲ.

ಈ ಬರಹದ ತೊಂದರೆಯೂ ಅದೇ. ಯಜಮಾನರ ಬಗ್ಗೆ ಬರೆಯಲು ಕೂತಾಗ ಮೊದಲು ಕಣ್ಣ ಮುಂದೆ ಬಂದದ್ದು ಅವರ ಮುಖವಲ್ಲ, ಅವರ ಅಂಗಿಯ ಜೇಬಿನಿಂದ ಸದಾ ಇಣುಕುತ್ತಿದ್ದ ಹಳದಿ ಬಟ್ಟೆ. ಗಾಜಿನ ಮೇಲೆ ನೋಡುಗರ ಉಸಿರು ಕೂತರೆ ಒರೆಸಲು ಅದು. ಖಾತ್ರಿ ಮಾಡಿಕೊಳ್ಳೋಣವೆಂದು ಅಕ್ಕನನ್ನು ಕೇಳಿದೆ. "ಹಳದಿಯಲ್ಲ, ನೀಲಿ. ನಾನೇ ಹಳೇ ಲಂಗ ಹರಿದು ಕೊಡ್ತಿದ್ದೆ" ಎಂದರು. ಆಗ ನಮ್ಮ ನಿರ್ದೇಶಕಿಯಾಗಿದ್ದ ಮೇಡಂಗೆ ಫೋನು ಮಾಡಿದೆ. "ಬಟ್ಟೆನಾ? ಯಾವ ಬಟ್ಟೆ?" ಎಂದರು. ಮೂರು ಜನ ಪ್ರತ್ಯಕ್ಷದರ್ಶಿಗಳು, ಮೂರು ಸಾಕ್ಷ್ಯ. ಇತಿಹಾಸದಲ್ಲಿ ಎಂ.ಎ. ಮಾಡಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟವನು ನಾನು. ಬಿಡಲು ಕಾರಣವೂ ಇದೇ: ಒಂದು ವಾಕ್ಯ ಬರೆದರೆ ಅದನ್ನು ಅನುಮಾನಿಸಲು ನಾಲ್ಕು ಪುಟ ಬೇಕಾಗುತ್ತಿತ್ತು. ಆದ್ದರಿಂದ ಮುಂದೆ ಬರುವುದೆಲ್ಲ ನನಗೆ ನೆನಪಿರುವಂತೆ ಮಾತ್ರ. ಬಟ್ಟೆ ಹಳದಿಯೇ ಇತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹುದ್ದೆಯಲ್ಲಿ ಅಟೆಂಡರ್, ಆದರೆ ಬೀಗದ ಕೈಗೊಂಚಲು ಅವರ ಸೊಂಟದಲ್ಲಿತ್ತು, ಎಲ್ಲಿ ಏನಿದೆ ಎಂಬುದು ಅವರ ತಲೆಯಲ್ಲಿತ್ತು. ಹಾಗಾಗಿ ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಯಜಮಾನರೇ.

ಚಾಮರಾಜಪೇಟೆಯ ಒಂದು ಹಳೆಯ ಬಂಗಲೆಯಲ್ಲಿತ್ತು ನಮ್ಮ ಮ್ಯೂಸಿಯಂ. ಯಾರು ಏನು ಕೊಟ್ಟರೂ ಬೇಡವೆನ್ನದೆ ಇಸಕೊಂಡು ಬೆಳೆದ ಸಂಗ್ರಹ. ಬಾಗಿಲಲ್ಲಿ ಮೂರು ವೀರಗಲ್ಲು. ಒಳಗೆ ನಾಣ್ಯ, ತಾಳೆಗರಿ, ಗಂಜೀಫಾ ಇಸ್ಪೀಟೆಲೆಗಳು, ತಂತಿ ಹರಿದ ವೀಣೆ, ಕೋಲಾರದ ಕಡೆಯ ಅದಿರು, ಚೀನಾದ ಹೂದಾನಿ, ಗ್ರಾಮದೇವತೆಯ ಮರದ ಮುಖವಾಡ, ಗಾಜಿನ ಕಣ್ಣಿನ ಹುಲಿ. ಹುಲಿಯ ಪಕ್ಕದಲ್ಲಿ ಯಾಕೋ ಒಂದು ಹೊಲಿಗೆ ಯಂತ್ರ. ಮಹಡಿಯ ಮೇಲೆ ಚಿತ್ರಶಾಲೆ: ಒಂದು ಗೋಡೆಯಲ್ಲಿ ಬಂಗಾರದ ರೇಕಿನ ದೇವರುಗಳು, ಎದುರು ಗೋಡೆಯಲ್ಲಿ ಯಾರೋ ಹೆಸರಿಲ್ಲದ ಬಿಳಿ ದೊರೆಸಾನಿ. ಇವರು ಅವರನ್ನು, ಅವರು ಇವರನ್ನು ದಿನವಿಡೀ ನೋಡುತ್ತಿದ್ದರು.

ನನ್ನದು ಗುತ್ತಿಗೆ ಕೆಲಸ. ಹಳೆಯ ದಾಖಲೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಪ್ರತಿ ವಸ್ತುವಿಗೂ ಹೆಸರು, ಅಳತೆ, ಕಾಲ, ಎಲ್ಲಿಂದ ಬಂತು ಎಂಬ ಕಾಲಂಗಳು. ಪುರಾವೆ ಸಿಗದ ಕಡೆಯೆಲ್ಲ ನಾನು 'ತಿಳಿದಿಲ್ಲ' ಎಂದು ತುಂಬುತ್ತ ಹೋದೆ. ಒಂದು ದಿನ ಯಜಮಾನರು ಹಿಂದೆ ನಿಂತು ಪರದೆ ನೋಡಿದರು.

"ಸಾರ್, ನಿಮ್ಮನ್ನ ಅಷ್ಟು ಓದ್ಸಿದ್ದು 'ತಿಳಿದಿಲ್ಲ' ಅಂತ ಬರ್ಯೋಕಾ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೇ ಬರೀಬೇಕು ಯಜಮಾನ್ರೇ."

"ಬಸ್ಸಿಳಿದು, ಬಿಸಿಲಲ್ಲಿ ನಡ್ಕೊಂಡು, ಟಿಕೆಟ್ ತಗೊಂಡು ಬಂದಿರ್ತಾರೆ ಸಾರ್. ಅವರಿಗೆ ಗೊತ್ತಿಲ್ಲ ಅನ್ನೋಕೆ ನಾವ್ಯಾಕೆ? ಅದು ಅವರಿಗೇ ಗೊತ್ತು."

ಅವರು ಯಾರಿಗೂ ಗೊತ್ತಿಲ್ಲ ಎಂದವರಲ್ಲ. ದೊರೆಸಾನಿಯ ಚಿತ್ರವನ್ನೇ ತೆಗೆದುಕೊಳ್ಳಿ. ಅವಳು ಯಾರು, ಬರೆದವರು ಯಾರು, ಒಂದೂ ಗೊತ್ತಿರಲಿಲ್ಲ. ಮುಖ ಮಾತ್ರ ಸ್ವಲ್ಪ ಕಿವುಚಿಕೊಂಡಂತಿತ್ತು. ಕೆನ್ನೆ ಊದಿಸಿಕೊಂಡು ಬಂದವರಿಗೆ ಯಜಮಾನರು ಹೇಳುತ್ತಿದ್ದರು: "ಪಾಪ, ಹಲ್ಲುನೋವು. ಅವತ್ತೇ ಕೀಳಿಸ್ಬೇಕಿತ್ತು, ಚಿತ್ರ ಬರೆಯೋನು ಬಂದ್ಬಿಟ್ಟ." ತುಂಬು ಬಸುರಿ ಬಂದರೆ ದೊರೆಸಾನಿಗೂ ಏಳು ತಿಂಗಳು. ಮದುವೆಯಾಗದ ಮಗಳನ್ನು ಕರೆದುಕೊಂಡು ಬಂದ ತಾಯಿಗೆ, "ಒಳ್ಳೊಳ್ಳೆ ಸಂಬಂಧ ಬಂತಮ್ಮಾ, ಈಯಮ್ಮನೇ ಒಪ್ಲಿಲ್ಲ. ನೋಡಿ, ಚೆನ್ನಾಗೇ ಇದಾಳೆ." ಮಗಳು ಹೋಗುವಾಗ ಯಜಮಾನರಿಗೆ ಕೈಮುಗಿದು ಹೋದಳು. ಅದು ಸುಳ್ಳು ಎಂದು ನಾನು ಹೇಳಬಹುದಿತ್ತು. ಆದರೆ ದೊರೆಸಾನಿ ಯಾರೆಂಬುದೇ ಗೊತ್ತಿಲ್ಲದ ಮೇಲೆ ಸುಳ್ಳೆಂದು ಸಾಬೀತು ಮಾಡುವುದಾದರೂ ಹೇಗೆ?

ಹುಲಿಯ ವಿಷಯದಲ್ಲಿ ಮಾತ್ರ ಪುರಾವೆ ಇತ್ತು. ಬಲಭುಜದ ಹತ್ತಿರ ಗುಂಡು ಹೊಕ್ಕ ತೂತು. ಯಜಮಾನರು ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿಟ್ಟು ಮಕ್ಕಳಿಗೆಲ್ಲ ಹೇಳುತ್ತಿದ್ದರು: "ವಯಸ್ಸಾಗಿತ್ತು ಪುಟ್ಟಾ. ಮಧ್ಯಾಹ್ನ ಊಟ ಮಾಡಿ ಮಲಗ್ತು, ಏಳ್ಲೇ ಇಲ್ಲ." ನಾನು ಒಮ್ಮೆ ತಡೆಯಲಾರದೆ, ಅದನ್ನು ಗುಂಡಿಟ್ಟು ಕೊಂದದ್ದು ಎಂದು ನೆನಪಿಸಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಗುಂಡು ಹೊಡೆದಿದ್ದು ನಿಜ ಸಾರ್. ಆದ್ರೆ ಅದಕ್ಕೆ ಈಗ ಮರೆತುಹೋಗಿದೆ. ನೀವ್ಯಾಕೆ ಅದರ ಮುಂದೆ ಹೇಳ್ತೀರಾ?" ಎಂದರು.

ನಮ್ಮಿಬ್ಬರ ದೊಡ್ಡ ಜಗಳ ನಡೆದದ್ದು ಆಯುಧಪೂಜೆಯಲ್ಲಿ. ನಾನು ಸೇರಿದ ಮೊದಲ ವರ್ಷ. ಬೆಳಿಗ್ಗೆ ಬಂದು ನೋಡಿದರೆ ಇಡೀ ಮ್ಯೂಸಿಯಂ ಅರಿಶಿನ ಕುಂಕುಮದ ವಾಸನೆ. ಕತ್ತಿಗಳಿಗೆ ಕುಂಕುಮ, ಫಿರಂಗಿಗೆ ಸೇವಂತಿಗೆ ಹಾರ, ಹೊಲಿಗೆ ಯಂತ್ರಕ್ಕೆ ನಿಂಬೆಹಣ್ಣು. ಹಳೆಯ ಲೋಹದ ಮೇಲೆ, ಮರದ ಮೇಲೆ ಇವೆಲ್ಲ ಹಾಕಲೇಬಾರದು ಎಂದು ಕೂಗಾಡಿದೆ. ಅವರು ಶಾಂತವಾಗಿ ತಮ್ಮ ಲೆಕ್ಕಾಚಾರ ವಿವರಿಸಿದರು. ಯಾವುದರಿಂದ ಯಾರೋ ಅನ್ನ ದುಡಿದರೋ ಅದು ಆಯುಧ. ತಾಳೆಗರಿಯ ಮೇಲೆ ಕೊರೆಯುವ ಕಂಟ ಆಯುಧ. ವೀಣೆ ಆಯುಧ. ಗಂಜೀಫಾ ಎಲೆ ಆಯುಧವಲ್ಲ, "ಅದು ಅನ್ನ ಕಳೆಯೋದು". ಚೀನಾದ ಹೂದಾನಿ ಸುಮ್ಮನೆ ಶೋಕಿ.

"ಹುಲಿ?" ಎಂದೆ, ಸಿಕ್ಕಿಬಿದ್ದರು ಎಂದುಕೊಂಡು.

"ಉಗುರಿಗೆ ಮಾತ್ರ ಇಟ್ಟಿದೀನಿ ಸಾರ್."

ಬಗ್ಗಿ ನೋಡಿದೆ. ಇಟ್ಟಿದ್ದರು. ಒಂದೊಂದು ಉಗುರಿಗೂ ಒಂದೊಂದು ಚುಕ್ಕೆ.

ಕೊನೆಗೆ ಒಪ್ಪಂದವಾಯಿತು: ಮುಂದಿನ ವರ್ಷದಿಂದ ಕುಂಕುಮ ಗಾಜಿನ ಹೊರಗೆ. ಅವರು ಮಾತಿಗೆ ತಪ್ಪಲಿಲ್ಲ. ಪ್ರತಿ ವರ್ಷ ಗಾಜಿನ ಮೇಲೆ, ಒಳಗಿನ ವಸ್ತುವಿನ ಹಣೆಗೆ ಸರಿಯಾಗಿ ಅಳತೆ ಮಾಡಿ ಇಡುತ್ತಿದ್ದರು. ಮಾರನೆಯ ದಿನ ತಾವೇ ಒರೆಸುತ್ತಿದ್ದರು. ನನ್ನ ಭೂತಗನ್ನಡಿಯನ್ನೂ ಲ್ಯಾಪ್‌ಟಾಪನ್ನೂ ಕೇಳಿ ಪಡೆದು ಪೂಜೆ ಮಾಡಿಕೊಡುತ್ತಿದ್ದರು. ನಾನು ಮತ್ತಿಕೆರೆಯ ಬಾಡಿಗೆ ಕೋಣೆಗೆ ಮರಳಿ ಲ್ಯಾಪ್‌ಟಾಪ್ ತೆರೆದರೆ ಕೀಲಿಗಳ ಸಂದಿಯಿಂದ ಕೆಂಪು ಪುಡಿ ಉದುರುತ್ತಿತ್ತು. ಬೈದುಕೊಳ್ಳುತ್ತಿದ್ದೆ, ಒರೆಸುತ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬೇಕು. ಅವರ ನಿವೃತ್ತಿಗೆ ಹನ್ನೊಂದು ದಿನವಿತ್ತು. ನಾನು ಕೆಳಗಿನ ಕೊನೆಯ ಕೋಣೆಯ ಪಟ್ಟಿ ಮಾಡುತ್ತಿದ್ದೆ. ಅಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕಪ್ಪು ಕಲ್ಲೊಂದು: ಚಪ್ಪಟೆ, ನಡುವೆ ತಗ್ಗು, ಮೇಲೊಂದು ಗುಂಡು. ಲೇಬಲ್ಲು 'ನವಶಿಲಾಯುಗದ ಅರೆಯುವ ಕಲ್ಲು'. ಯಜಮಾನರು ಬಂದು ಪಕ್ಕದಲ್ಲಿ ನಿಂತರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

"ಸಾರ್, ಇದು ನಮ್ಮಮ್ಮಂದು."

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಕಥೆ ಇಷ್ಟು. ಅವರದು ಗವಿಪುರದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ. ಕಲ್ಲಿನಲ್ಲಿ ಅರೆದರೆ ಕೆಳಗೆ ತಮ್ಮ ತಲೆಯ ಮೇಲೆ ಬಂಡಿ ಓಡಿದಂತಾಗುತ್ತದೆ ಎಂದು ಮಾಲೀಕರ ತಕರಾರು. ಹಾಗಾಗಿ ಅಮ್ಮನ ಅರೆಕಲ್ಲನ್ನು ಯಜಮಾನರು ಮ್ಯೂಸಿಯಮ್ಮಿನ ಹಿಂದಿನ ಅಡುಗೆ ಮೂಲೆಗೆ ತಂದಿಟ್ಟರು. ಅಲ್ಲಿ ಸಿಬ್ಬಂದಿಯೆಲ್ಲ ಮಧ್ಯಾಹ್ನ ಮನೆಯಿಂದ ಅನ್ನ ಮಾತ್ರ ತರುವುದು, ಚಟ್ನಿ ಅಲ್ಲೇ ಆಗ ತಾನೇ ಅರೆಯುವುದು ಆ ಕಾಲದ ಪದ್ಧತಿ. ಮುಂದೆ ಕಟ್ಟಡಕ್ಕೆ ಬಣ್ಣ ಹೊಡೆಸಿದಾಗ ಸಾಮಾನೆಲ್ಲ ಅಂಗಳಕ್ಕೆ ಬಂತು. ಪೆಟ್ಟಿಗೆಯ ಕಲ್ಲನ್ನೂ ಅಡುಗೆಯ ಕಲ್ಲನ್ನೂ ಯಾರೋ ಒಟ್ಟಿಗೆ ನಲ್ಲಿಯ ಕೆಳಗೆ ಇಟ್ಟು ಚೆನ್ನಾಗಿ ತೊಳೆದರು. ಬೆನ್ನಿಗೆ ಬರೆದಿದ್ದ ನಂಬರೂ ತೊಳೆದುಹೋಯಿತು. ಬಣ್ಣದವರು ತಮಗೆ ತೋಚಿದಂತೆ ಒಂದನ್ನು ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಅಡುಗೆ ಮೂಲೆಯಲ್ಲಿ ಇಟ್ಟರು. ಯಜಮಾನರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವರು ರಜೆಯಲ್ಲಿದ್ದರು. ಅಮ್ಮನ ಹದಿಮೂರು ದಿನದ ಕರ್ಮಗಳು ನಡೆಯುತ್ತಿದ್ದವು.

"ವಾಪಸ್ ಬಂದ ಮೊದಲನೇ ದಿನಾನೇ ಚಟ್ನಿ ಬೇರೆ ಆಯ್ತು ಸಾರ್."

"ಬೇರೆ ಅಂದ್ರೆ?"

"ಹಲ್ಲಿಗೆ ಮರಳು ಸಿಕ್ತು."

"ಅಮ್ಮ ಹೋದ ದುಃಖದಲ್ಲಿ ಹಾಗನ್ನಿಸಿರಬಹುದು."

"ದುಃಖಕ್ಕೆ ಮರಳು ಬರಲ್ಲ ಸಾರ್."

ಅವತ್ತಿಂದ ಅವರು ಆ ಕಲ್ಲಲ್ಲಿ ಅರೆಯುವುದನ್ನು ಬಿಟ್ಟರು. ಯಾರಿಗೂ ಹೇಳಲೂ ಇಲ್ಲ. "ಹೇಳಿದ್ರೆ ಸಾವಿರಾರು ವರ್ಷದ ಕಲ್ಲಲ್ಲಿ ಕಾಯಿಚಟ್ನಿ ಅರೆದೋನು ಅಂತ ನನ್ನೇ ಗಾಜಿನೊಳಗೆ ಕೂರಿಸ್ತಿದ್ರು." ಅಡುಗೆ ಮೂಲೆಯ ಕಲ್ಲಿನ ಮೇಲೆ ಬಕೆಟ್ಟು ಕೂತಿತು. ವರ್ಷಗಳು ಹೋದವು. ಅಮ್ಮ ಗಾಜಿನ ಪೆಟ್ಟಿಗೆಯಲ್ಲಿ ಕಣ್ಣೆದುರೇ ಇದ್ದುದರಿಂದ ತೊಂದರೆಯೂ ಇರಲಿಲ್ಲ. ದಿನಾ ಒರೆಸುತ್ತಿದ್ದರು. ಈಗ ಹನ್ನೊಂದು ದಿನವಾದರೆ ಬೀಗದ ಕೈ ಬೇರೆಯವರಿಗೆ.

"ಆಮೇಲೆ ನಾನು ಟಿಕೆಟ್ ತಗೊಂಡು ನಮ್ಮಮ್ಮನ್ನ ನೋಡ್ಬೇಕು ಸಾರ್. ಮನೆಗೆ ತಗೊಂಡ್ಹೋಗ್ಬೇಕು. ನೀವು ಮೇಡಂಗೆ ಹೇಳಿ."

ಮೇಡಂಗೆ ಹೇಳಿದೆ. ಅವರು ಬೇರೆ ಇಲಾಖೆಯಿಂದ ಬಂದವರು, ಕೆಟ್ಟವರಲ್ಲ, ಎಲ್ಲದಕ್ಕೂ ಕಾಗದ ಬೇಕು. ಅಡುಗೆ ಮೂಲೆಯ ಕಲ್ಲು ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ಇವತ್ತೇ ಒಯ್ಯಲಿ ಎಂದರು. ಪೆಟ್ಟಿಗೆಯದಕ್ಕೆ ಪುಸ್ತಕದಲ್ಲಿ ನಂಬರಿದೆ, ಅದನ್ನು ಬದಲಾಯಿಸಬೇಕಾದರೆ ಪುರಾವೆ ತನ್ನಿ ಎಂದರು. ಪುರಾವೆ ಎಂಬ ಮಾತು ಕೇಳಿದರೆ ನನಗೆ ಹುರುಪು.

ಮೊದಲು ಹಳೆಯ ದಾಖಲೆ ಪುಸ್ತಕ ತೆಗೆದೆ. ಅಲ್ಲಿ ಬರೆದಿದ್ದು: 'ಅರೆಯುವ ಕಲ್ಲು, ಒಂದು. ಕಪ್ಪು. ಉದ್ದ ಒಂದು ಮೊಳ.' ಎರಡೂ ಕಪ್ಪು. ಮೊಳ ಯಾರದು? ಬರೆದ ಗುಮಾಸ್ತರು ಯಾವಾಗಲೋ ತೀರಿಕೊಂಡಿದ್ದರು. ಮೂವರೂ ಕೈಯೂರಿ ಅಳೆದೆವು. ಮೇಡಂ ಮೊಳಕ್ಕೆ ಅಡುಗೆಯ ಕಲ್ಲು ಸರಿಹೋಯಿತು, ನನ್ನ ಮೊಳಕ್ಕೆ ಪೆಟ್ಟಿಗೆಯ ಕಲ್ಲು, ಯಜಮಾನರ ಮೊಳಕ್ಕೆ ಎರಡೂ ಹೊಂದಲಿಲ್ಲ.

ಎರಡು ಕಲ್ಲಿನ ಫೋಟೋ ತೆಗೆದು ನನ್ನ ಹಳೆಯ ಮೇಷ್ಟರಿಗೆ ಕಳಿಸಿದೆ. ಎರಡಕ್ಕೂ ಮೈಮೇಲೆ ಕೊರೆದ ಗುರುತುಗಳಿವೆ, ಸವೆದ ಕಲ್ಲನ್ನು ಒರಟು ಮಾಡಿಕೊಳ್ಳುವುದನ್ನು ಆಗಿನವರೂ ಮಾಡುತ್ತಿದ್ದರು, ಈಗಿನವರೂ ಮಾಡುತ್ತಾರೆ, ಫೋಟೋ ನೋಡಿ ಹೇಳುವುದು ಕಷ್ಟ ಎಂದರು. ಲ್ಯಾಬಿಗೆ ಕಳಿಸೋಣ ಎಂದು ಮೇಡಂಗೆ ಸೂಚಿಸಿದೆ.

"ಕಳಿಸೋಕೆ ಕಾರಣ ಬರೀಬೇಕಲ್ರೀ. ಏನಂತ ಬರೀತೀರಾ? ಚಟ್ನಿ ಅಂತಾನಾ?"

ಯಜಮಾನರ ಬಳಿ ಇನ್ನೊಂದು ಪುರಾವೆ ಇತ್ತು. "ಅಮ್ಮ ಎಡಚಿ ಸಾರ್. ನೋಡಿ, ಪೆಟ್ಟಿಗೆಯ ಕಲ್ಲು ಎಡಕ್ಕೆ ಜಾಸ್ತಿ ಸವೆದಿದೆ." ನಿಜವಾಗಿಯೂ ಸವೆದಿತ್ತು. ನಾನು ಕಲ್ಲನ್ನು ಎತ್ತಿ ಸುತ್ತಲೂ ತಿರುಗಿಸಿ ಇಟ್ಟೆ. ಈಗ ಬಲಕ್ಕೆ ಸವೆದಿತ್ತು. ಅವರು ಕಲ್ಲನ್ನೂ ನನ್ನನ್ನೂ ನೋಡಿದರು. "ನೀವು ಇಷ್ಟು ಓದ್ಬಾರ್ದಿತ್ತು ಸಾರ್" ಎಂದರು.

ಕೊನೆಯ ಸಾಕ್ಷಿಯಾಗಿ ಅವರ ಅಕ್ಕ ಬಂದರು. ಸಣ್ಣ ಆಳು, ದೊಡ್ಡ ದನಿ. ಕೈಯಲ್ಲಿ ಬಟ್ಟೆಯ ಚೀಲ. ಎರಡೂ ಕಲ್ಲು ಇಟ್ಟಿದ್ದ ಕೋಣೆಗೆ ನೇರ ಬಂದು ನೆಲದ ಮೇಲೆ ಕೂತು ಚೀಲದಿಂದ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಹುಣಿಸೆಹಣ್ಣು ಒಂದೊಂದಾಗಿ ತೆಗೆದಿಟ್ಟರು. ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರಮ್ಮಾ ಇದು? ಗ್ಯಾಲರಿಯೊಳಗೆ ಚಟ್ನಿ ಅರೀತೀರಾ?"

"ಎರಡರಲ್ಲೂ ಒಂದೊಂದು ಸ್ವಲ್ಪ ಅಷ್ಟೆ ತಾಯಿ. ನಾಲಿಗೆ ಮೇಲಿಟ್ರೆ ಹೇಳ್ಬಿಡ್ತೀನಿ. ನಿಮ್ಗೂ ಕೊಡ್ತೀನಿ."

"ಸಾಧ್ಯಾನೇ ಇಲ್ಲ. ಕೈಯಲ್ಲಿ ಮುಟ್ಟಿ ನೋಡಿ, ಸಾಕು."

ಅಕ್ಕ ಗೊಣಗುತ್ತ ಕಣ್ಣು ಮುಚ್ಚಿ ಅಡುಗೆಯ ಕಲ್ಲಿನ ತಗ್ಗಿನಲ್ಲಿ ಅಂಗೈ ಆಡಿಸಿದರು. "ಇದೇ. ನೂರಕ್ಕೆ ನೂರು ಇದೇ" ಎಂದರು. ಯಜಮಾನರ ಮುಖ ಕೆಂಪಾಯಿತು.

"ನಿಂಗೇನು ಗೊತ್ತಕ್ಕ? ಓದ್ಕೋತೀನಿ ಅಂತ ಓಡ್ಹೋಗ್ತಿದ್ದೆ. ಒಂದಿನ ಅರೆದಿದೀಯಾ?"

"ಅರೆದೋಳು ನಾನು ಕಣೋ. ತಿಂದೋನು ನೀನು."

"ಅದರಲ್ಲಿ ಎಡಗಡೆ ಸವೆದೇ ಇಲ್ವಲ್ಲ. ಅಮ್ಮ ಎಡಚಿ ತಾನೇ?"

"ಎಡಚಿನಾ? ಅಮ್ಮಾನಾ? ಏನ್ ಮಾತಾಡ್ತಿದೀಯೋ? ಬಿಸಿ ಎಣ್ಣೆ ಬಿದ್ದು ಬಲಗೈ ಸುಟ್ಕೊಂಡಾಗ ಒಂದಾರು ತಿಂಗಳು ಎಡಗೈಲಿ ಮಾಡಿದ್ಲಪ್ಪ. ನಿಂಗಾಗ ಐದೋ ಆರೋ ವರ್ಷ. ಅಷ್ಟಕ್ಕೇ ಅವಳನ್ನ ಎಡಚಿ ಮಾಡಿ ಇಟ್ಕೊಂಡಿದೀಯಾ ಇಷ್ಟು ದಿನ?"

ಯಜಮಾನರು ತಮ್ಮ ಎಡಗೈಯನ್ನು ನೋಡಿಕೊಂಡರು. ನಾನು ನೋಡಿದ್ದು ಅದನ್ನೇ ಎಂದು ಈಗಲೂ ಆಣೆ ಮಾಡಬಲ್ಲೆ, ಬಟ್ಟೆಯ ಬಣ್ಣದ ಬಗ್ಗೆ ಮಾಡಲಾರೆನಾದರೂ. ಇನ್ನೊಂದು ಕಲ್ಲನ್ನೂ ಮುಟ್ಟಿ ನೋಡಿ ಎಂದೆ ಅಕ್ಕನಿಗೆ. ಮುಟ್ಟಿದರು. ಬಹಳ ಹೊತ್ತು ಮುಟ್ಟಿದರು. "ಇದೂ ಇರಬಹುದು" ಎಂದರು, ಮೊದಲಿನ ದನಿಯ ಕಾಲು ಭಾಗದಲ್ಲಿ.

ಮೇಡಂ ಕೇಳಿದರು: "ಯಜಮಾನ್ರೇ, ಕೊನೇದಾಗಿ ನೀವೇ ಹೇಳಿ. ಯಾವುದು?"

"ಗೊತ್ತಿಲ್ಲ ಮೇಡಂ" ಎಂದರು ಯಜಮಾನರು.

ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ವರ್ಷಗಟ್ಟಲೆ ಅವರಿಂದ ಅದನ್ನೇ ಹೇಳಿಸಬೇಕೆಂದು ಕಾದಿದ್ದವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಕ್ಯಾಟಲಾಗ್ ಮಾಡೋರು ನೀವು. ತೀರ್ಮಾನ ಬರೆದುಕೊಡಿ" ಎಂದು ಮೇಡಂ ನನಗೆ ಹೇಳಿ ಹೊರಟುಹೋದರು.

ನಾನು ಏನು ಮಾಡಿದೆನೆಂದು ನೇರವಾಗಿ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಕಲ್ಲು ಪೆಟ್ಟಿಗೆಯಲ್ಲೇ ಇದ್ದರೆ ಯಾರೂ ಯಾವ ಕಾಗದವನ್ನೂ ತಿದ್ದಬೇಕಿರಲಿಲ್ಲ. ಅದಕ್ಕೆ ಅಡುಗೆಯ ಕಲ್ಲೇ ಅವರಮ್ಮನದು ಎಂದು ತೀರ್ಮಾನಿಸಿದೆ. ಅಷ್ಟೇ ಆಗಿದ್ದರೆ ಸೋಮಾರಿತನವೆನ್ನಬಹುದಿತ್ತು. ಆದರೆ ಅವರ ಮುಖ ನೋಡಲಾಗದೆ ಕಾರಣಗಳನ್ನೂ ಕೊಟ್ಟೆ. ಈ ಅಂಚು ನೋಡಿ ಯಜಮಾನ್ರೇ, ಹುಣಿಸೆಯ ಹುಳಿಗೆ ಮಾತ್ರ ಕಲ್ಲು ಹೀಗೆ ಮಂಕಾಗುವುದು. ಈ ಮೂಲೆ ನೋಡಿ, ಸಿಮೆಂಟಿನ ನೆಲದ ಮೇಲೆ ಕೂತ ಕಲ್ಲಿಗೆ ಮಾತ್ರ ಈ ಗುರುತು ಬೀಳುವುದು. ಭೂತಗನ್ನಡಿ ಹಿಡಿದು ತೋರಿಸಿದೆ. ಹತ್ತು ನಿಮಿಷ ಮಾತಾಡಿದೆ. ಒಂದು ಅಕ್ಷರವೂ ನಿಜವಲ್ಲ. ನನಗೆ ಅಷ್ಟು ಚೆನ್ನಾಗಿ ಬರುತ್ತದೆಂದು ನನಗೇ ತಿಳಿದಿರಲಿಲ್ಲ.

ಯಜಮಾನರು ತಲೆದೂಗುತ್ತ ಕೇಳಿದರು. "ಸರಿ ಸಾರ್. ನೀವು ಓದಿದೋರು" ಎಂದರು. ಬೀಳ್ಕೊಡುಗೆಯ ದಿನ ಹಣ್ಣಿನ ಬುಟ್ಟಿಯನ್ನು ಅಕ್ಕನ ಕೈಗೆ ಕೊಟ್ಟು, ಹೊದಿಸಿದ ಶಾಲನ್ನು ಬಿಚ್ಚಿ ಕಲ್ಲಿಗೆ ಸುತ್ತಿಕೊಂಡು ಆಟೋ ಹತ್ತಿದರು.

ಕೆಲವು ತಿಂಗಳ ನಂತರ, ಮಧ್ಯಾಹ್ನದ ಹೊತ್ತು, ಬಾಗಿಲಲ್ಲಿ ಹೊಸ ಕಾವಲುಗಾರ ಯಾರೊಡನೆಯೋ ವಾದ ಮಾಡುತ್ತಿದ್ದ. ಬ್ಯಾಗನ್ನು ಕೌಂಟರಿನಲ್ಲಿ ಬಿಟ್ಟು ಟೋಕನ್ ತೆಗೆದುಕೊಳ್ಳಬೇಕಂತೆ, ಎದುರಿನವರು ಬಿಡಲೊಲ್ಲರಂತೆ. ಹೋಗಿ ನೋಡಿದರೆ ಯಜಮಾನರು. ಕೈಯಲ್ಲಿ ಟಿಕೆಟ್, 'ಹಿರಿಯ ನಾಗರಿಕ' ಎಂದು ಮುದ್ರೆ ಒತ್ತಿದ್ದು. ಎದೆಗೆ ಅವಚಿಕೊಂಡ ಬ್ಯಾಗು. ಒಳಗೆ ಕರೆದುಕೊಂಡು ಬಂದೆ.

"ಅರೆದು ನೋಡ್ದೆ ಸಾರ್. ಮರಳು."

ನನಗೆ ತಡೆದುಕೊಳ್ಳಲಾಗಲಿಲ್ಲ. "ಯಜಮಾನ್ರೇ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು."

"ಗೊತ್ತಿತ್ತು ಸಾರ್. ನೀವು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವತ್ತೊಂದೇ ದಿನ."

"ಮತ್ತೆ ಯಾಕೆ ತಗೊಂಡ್ಹೋದ್ರಿ?"

"ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ರಿ. ಅದಕ್ಕೊಂದು ಮರ್ಯಾದೆ ಬೇಡ್ವಾ?"

ಹಾಗಾದರೆ ಪೆಟ್ಟಿಗೆಯ ಕಲ್ಲೇ ಅಮ್ಮನದು, ಬನ್ನಿ, ಬದಲಾಯಿಸೋಣ, ಮೇಡಂಗೆ ನಾನೇ ಹೇಳುತ್ತೇನೆ ಎಂದೆ. ಅವರು ತಲೆ ಕೆರೆದುಕೊಂಡರು. "ಅದೂ ಹೇಳೋಕಾಗಲ್ಲ ಸಾರ್. ಈಗ ಹಲ್ಲೂ ಬೇರೆ. ಕಟ್ಟಿಸಿದ್ದು. ಇದಕ್ಕೆ ಎಲ್ಲಾದ್ರಲ್ಲೂ ಮರಳೇ ಸಿಗತ್ತೆ."

ಆದರೂ ಮೇಡಂಗೆ ಹೇಳಿಕಳಿಸಿ, ಬ್ಯಾಗಿನ ಕಲ್ಲನ್ನು ಹೊರತೆಗೆದು, ಪೆಟ್ಟಿಗೆ ತೆರೆದು, ಎರಡೂ ಕಲ್ಲನ್ನು ಒಂದರ ಪಕ್ಕ ಒಂದು ಇಟ್ಟೆವು. ಅಷ್ಟು ಹೊತ್ತಿಗೆ ಯಾವುದೋ ಶಾಲೆಯ ಮಕ್ಕಳು ಗುಂಪಾಗಿ ನುಗ್ಗಿದರು. ತೆರೆದ ಪೆಟ್ಟಿಗೆ ಕಂಡು ಮುತ್ತಿಕೊಂಡರು. ಮುಂದಿದ್ದ ಎರಡು ಜಡೆಯ ಹುಡುಗಿ, "ತಾತಾ, ಇದ್ರಲ್ಲಿ ಏನ್ ಮಾಡ್ತಿದ್ರು?" ಎಂದಳು.

ಯಜಮಾನರು ನೆಲದ ಮೇಲೆ ಕೂತರು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಲ್ಲದ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ತೂಗತೊಡಗಿದರು. ನಡುನಡುವೆ ಬೆರಳು ತಾಗದಂತೆ ಮಣಿಕಟ್ಟಿನಿಂದ ಹಣೆಯ ಕೂದಲನ್ನು ಹಿಂದೆ ಸರಿಸುತ್ತಿದ್ದರು. ಕಣ್ಣು ಕಿರಿದು ಮಾಡಿ ಮೂಗೆಳೆಯುತ್ತಿದ್ದರು. ಮಕ್ಕಳೂ ಮಣಿಕಟ್ಟಿನಿಂದ ಕೂದಲು ಸರಿಸಲು ಶುರುಮಾಡಿದರು.

"ಯಾಕೆ ತಾತಾ ಹೀಗ್ ಮಾಡ್ತಿದ್ರು?"

"ಬೆರಳೆಲ್ಲ ಮೆಣಸಿನಕಾಯಿ ಖಾರ ಪುಟ್ಟಾ. ಕಣ್ಣಲ್ಲಿ ನೀರು ಬಂದ್ಬಿಡೋದು."

"ಶಿಲಾಯುಗದಲ್ಲಿ ಮೆಣಸಿನಕಾಯಿ ಇರ್ಲೇ ಇಲ್ಲ" ಎಂದಳು ಹುಡುಗಿ. "ನಮ್ ಮಿಸ್ ಹೇಳಿದಾರೆ. ಅದು ಆಮೇಲೆ ಹಡಗಲ್ಲಿ ಬಂದಿದ್ದು."

ನಾನು ಅವಳಿಗೆ ಅಲ್ಲೇ ಕೆಲಸ ಕೊಡಲು ತಯಾರಿದ್ದೆ. ಯಜಮಾನರು ತೂಗುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು.

"ಹೌದಾ? ಹಾಗಾದ್ರೆ ಬೇರೆ ಏನಕ್ಕೋ ಅಳ್ತಿದ್ರು ಅನ್ಸತ್ತೆ. ನಮಗೆ ಮೆಣಸಿನಕಾಯಿ ಅಂತ ಹೇಳಿದ್ರು."

ಮಕ್ಕಳು ಹುಲಿಯ ಕಡೆ ಓಡಿದರು. ಮೇಡಂ ಯಾವಾಗ ಬಂದು ನಿಂತಿದ್ದರೋ ನಾನು ನೋಡಿರಲಿಲ್ಲ. "ಯಜಮಾನ್ರೇ, ಯಾವುದು ಬೇಕೋ ತೋರ್ಸಿ. ಕೊಟ್ಟು ಕಳಿಸೋದು ನನ್ನ ಜವಾಬ್ದಾರಿ. ಕಾರಣ ನಾನು ಬರ್ಕೋತೀನಿ" ಎಂದರು. ಅವರ ಬಾಯಿಂದ ಅಂಥ ಮಾತು ಬರುವುದೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಯಜಮಾನರು ನನ್ನ ಭುಜ ಹಿಡಿದು ಎದ್ದರು. ಒಂದು ಕಲ್ಲಿನ ಮೇಲೆ ಕೈ ಇಟ್ಟರು. ಇನ್ನೊಂದರ ಮೇಲೆ ಇಟ್ಟರು. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು ಎರಡನ್ನೂ ಒರೆಸಿದರು.

"ಎರಡೂ ಇಲ್ಲೇ ಇರ್ಲಿ ಮೇಡಂ. ಒಂದಂತೂ ಅವಳದ್ದೇ. ಮನೇಲಿ ಮಿಕ್ಸಿ ಇದೆ."

ಖಾಲಿ ಬ್ಯಾಗನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು.

ಹೊಸ ಲೇಬಲ್ಲನ್ನು ನಾನು ಬರೆದೆ: 'ಅರೆಯುವ ಕಲ್ಲುಗಳು, ಎರಡು. ಒಂದು ನವಶಿಲಾಯುಗದ್ದು. ಒಂದು ಗವಿಪುರದ್ದು.' ಮೇಡಂ ಓದಿ, ಯಾವುದು ಯಾವುದೆಂದು ತಿಳಿಯುವಂತೆ ಒಂದು ಬಾಣದ ಗುರುತು ಹಾಕಿಬಿಡಿ ಎಂದರು. ಅವರ ನಂತರ ಬಂದ ನಿರ್ದೇಶಕರೂ ಕೇಳಿದರು. ನಾಳೆ ಹಾಕುತ್ತೇನೆ ಎಂದಿದ್ದೇನೆ.